ಚೈತ್ರದಲ್ಲಿ ಬೀಳುವ ಹಿಮ: ಕುಲ್ಲು–ಲಾಹೌಲ್ ಕಣಿವೆಗಳ ವ್ಯಾಪಾರಿ ಪಂಚಾಂಗ

ಹಿಮಾಚಲ ಪ್ರದೇಶದ ಸೇಬು ಬೆಳೆಗಾರರಲ್ಲಿ ಹಿಮಕ್ಕೆ ‘ಬಿಳಿ ಗೊಬ್ಬರ’ ಎಂಬ ಹೆಸರುಂಟು. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ತೋಟದ ಮೇಲೆ ಬಿದ್ದು ನಿಲ್ಲುವ ಹಿಮವು ನಿಧಾನವಾಗಿ ಕರಗಿ ಮಣ್ಣಿಗೆ ತೇವವನ್ನು ಉಣಿಸುತ್ತದೆ. ಮರಗಳಿಗೆ ಅಗತ್ಯವಾದ ಚಳಿಗಾಲದ ನಿದ್ರೆಯೂ ಆ ದಿನಗಳಲ್ಲಿಯೇ ದೊರೆಯುತ್ತದೆ. ಅದೇ ಹಿಮವು ಏಪ್ರಿಲ್ ಮೂರನೆಯ ವಾರದಲ್ಲಿ, ಮರಗಳು ಹೂಬಿಟ್ಟು ನಿಂತಿರುವಾಗ, ಒಂದು ರಾತ್ರಿ ನಾಲ್ಕು ಅಂಗುಲದಷ್ಟು ಸುರಿದರೆ ಆ ವರ್ಷದ ಜಮಾಖರ್ಚೇ ಬೇರೆಯಾಗುತ್ತದೆ. ಪದಾರ್ಥ ಅದೇ, ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವಿರುವುದು ತಾರೀಖಿನಲ್ಲಿ ಮಾತ್ರ.

ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಹಣ್ಣಿನ ಮಂಡಿಗಳಲ್ಲಿ ಸೇಬಿನ ಧಾರಣೆಯ ವಿಚಾರಣೆ ಸಾಮಾನ್ಯವಾಗಿ ಪ್ರಾರಂಭವಾಗುವುದು ಜುಲೈ–ಆಗಸ್ಟ್ ವೇಳೆಗೆ, ಹೊಸ ಮಾಲು ಇಳಿಯತೊಡಗಿದಾಗ. ಆದರೆ ಬೆಟ್ಟದ ಮೇಲೆ ಆ ಧಾರಣೆಯ ಬಹುಭಾಗವು ಏಪ್ರಿಲ್‌ನಲ್ಲಿಯೇ ತೀರ್ಮಾನವಾಗಿರುತ್ತದೆ. ಹಿಮಾಚಲದ ಸೇಬಿನ ಉತ್ಪನ್ನವು 2010ರಲ್ಲಿ ಸುಮಾರು 8.92 ಲಕ್ಷ ಟನ್ ಇದ್ದುದು ಮರುವರ್ಷವೇ ಸುಮಾರು 2.75 ಲಕ್ಷ ಟನ್ನಿಗೆ ಇಳಿಯಿತು. ಭರ್ಜರಿ ಫಸಲಿನ ನಂತರ ಮರಗಳು ದಣಿಯುವುದು ಇದಕ್ಕೆ ಒಂದು ಕಾರಣವೇ ಹೌದು. ಆದರೆ ಹೂವಿನ ಹಂಗಾಮಿನ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಂತಹ ಏರಿಳಿತಗಳನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ.

ಚಳಿಗಾಲದಲ್ಲಾಗಲಿ ವಸಂತದಲ್ಲಾಗಲಿ, ಈ ಹಿಮವನ್ನು ತರುವುದು ಪಾಶ್ಚಿಮಾತ್ಯ ಕ್ಷೋಭೆಗಳೆಂದು ಹವಾಮಾನ ಇಲಾಖೆ ಕರೆಯುವ ವಾಯು ವ್ಯವಸ್ಥೆಗಳು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬರುವ ಇವು ಹಿಮಾಲಯಕ್ಕೆ ತಗುಲಿ ತೇವವನ್ನು ಇಳಿಸುತ್ತವೆ. ಇವುಗಳ ಹಂಗಾಮು ಈಚೆಗೆ ಬೇಸಿಗೆಯೊಳಕ್ಕೆ ಚಾಚಿಕೊಳ್ಳುತ್ತಿದೆ ಎಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದಿಂದ 2024ರಲ್ಲಿ ಹೊರಬಂದ ಅಧ್ಯಯನವೊಂದು ತೋರಿಸಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಂತಹ ಹಿಮಕ್ರೀಡೆಯ ಊರಿನಲ್ಲಿಯೇ ನೆಲ ಬರಿದಾಗಿದ್ದು, ಫೆಬ್ರುವರಿಯಲ್ಲಿ ಹಿಮ ಬಂದುದನ್ನು ಪತ್ರಿಕೆಗಳನ್ನು ಓದುವವರು ಮರೆತಿರಲಾರರು.

ಹೂವು ನೋಡಿ ಕೊಡುವ ಮುಂಗಡ

ಕುಲ್ಲು ಕಣಿವೆಗೆ ಸೇಬು ಬಂದುದು 19ನೆಯ ಶತಮಾನದಲ್ಲಿ, ಬ್ರಿಟಿಷ್ ತೋಟಗಾರರ ಮೂಲಕ. ಶಿಮ್ಲಾ ಮೇಲ್ಭಾಗದ ಕೋಟ್‌ಗಢದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು 20ನೆಯ ಶತಮಾನದ ಆದಿಭಾಗದಲ್ಲಿ ನೆಟ್ಟ ಡೆಲಿಶಿಯಸ್ ತಳಿಗಳಿಂದ ಇಂದಿನ ವಾಣಿಜ್ಯ ಬೆಳೆ ರೂಪುಗೊಂಡಿತು. ಈ ತಳಿಗಳಿಗೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯು ಒಟ್ಟು ಸಾವಿರ ಗಂಟೆಗಳಿಗೂ ಹೆಚ್ಚು ಬೇಕು. ಆದುದರಿಂದ ಚಳಿಗಾಲದ ಹಿಮ ಕಡಿಮೆಯಾದರೂ ಅವರಿಗೆ ನಷ್ಟವೇ.

ಮೊಗ್ಗು ಒಡೆಯಲು ತೊಡಗಿದ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ತುದಿಯಲ್ಲಿ ಬೆಳ್ಳಿಯ ಬಣ್ಣ ಕಾಣಿಸಿಕೊಂಡಿರುವ ಮುಚ್ಚಿದ ಮೊಗ್ಗು ಸೊನ್ನೆಗಿಂತ 9 ಡಿಗ್ರಿ ಕೆಳಗಿನ ಚಳಿಯನ್ನೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಪೂರ್ಣ ಅರಳಿದ ಹೂವಾದರೋ ಸೊನ್ನೆಗಿಂತ 2.2 ಡಿಗ್ರಿ ಕೆಳಗೆ ಅರ್ಧ ಗಂಟೆ ಇದ್ದರೆ ನೂರಕ್ಕೆ ಹತ್ತರಷ್ಟು ಸಾಯುತ್ತದೆ, 3.9 ಡಿಗ್ರಿ ಕೆಳಗೆ ಹೋದರೆ ನೂರಕ್ಕೆ ತೊಂಬತ್ತು ನಾಶ. ಈ ಎರಡು ಅಂಕೆಗಳ ನಡುವೆ ಇರುವುದು ಎರಡು ಡಿಗ್ರಿಗೂ ಕಡಿಮೆ ಅಂತರ. ಹಿಮ ಬೀಳುವ ರಾತ್ರಿಗಿಂತ, ಬಿದ್ದು ಮುಗಿದು ಆಕಾಶ ತಿಳಿಯಾಗುವ ಮರುರಾತ್ರಿಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಮೋಡದ ಹೊದಿಕೆ ಇಲ್ಲದಾಗ ನೆಲದ ಶಾಖ ತಡೆಯಿಲ್ಲದೆ ಮೇಲೇರಿ ಹೋಗುತ್ತದೆ.

ಹೂವು ಸಾಯದೆ ಉಳಿದರೂ ಕಾಯಿ ಕಟ್ಟುವುದು ಖಾತ್ರಿಯಲ್ಲ. ಡೆಲಿಶಿಯಸ್ ಮರಕ್ಕೆ ಬೇರೆ ತಳಿಯ ಪರಾಗ ಬೇಕು. ಅದನ್ನು ತರುವ ಜೇನುಹುಳುಗಳು ಸುಮಾರು 12 ಡಿಗ್ರಿಗಿಂತ ಕೆಳಗೆ ಪೆಟ್ಟಿಗೆಯಿಂದ ಹೊರಬೀಳುವುದಿಲ್ಲ. ಹೂವಿನ ಕಾಲಕ್ಕೆಂದು ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುವುದು ಅಲ್ಲಿ ಒಂದು ನೆಲೆಯೂರಿದ ವ್ಯವಹಾರ. ಮೂರು ದಿನ ಹಿಮ, ಎರಡು ದಿನ ಮೋಡ ಎಂದಾದರೆ ಬಾಡಿಗೆ ಸಂದಾಯವಾಗುತ್ತದೆ, ಜೇನು ಮಾತ್ರ ಹಾರಿರುವುದಿಲ್ಲ.

ಈ ಅನಿಶ್ಚಿತತೆಯ ಮೇಲೆಯೇ ಅಲ್ಲಿನ ಹಣಕಾಸಿನ ವ್ಯವಹಾರವೂ ನಿಂತಿದೆ. ಕಮಿಷನ್ ಏಜೆಂಟರು ಬೆಳೆಗಾರರಿಗೆ ಗೊಬ್ಬರ, ಔಷಧಿ, ಪೆಟ್ಟಿಗೆಗಳ ಖರ್ಚಿಗೆ ಮುಂಗಡ ಕೊಟ್ಟು ಫಸಲನ್ನು ತಮ್ಮ ಅಂಗಡಿಗೆ ತರಿಸಿಕೊಳ್ಳುತ್ತಾರೆ. ಹೂವನ್ನೋ ಎಳೆಗಾಯಿಯನ್ನೋ ನೋಡಿ ಇಡೀ ತೋಟವನ್ನು ಗುತ್ತಿಗೆ ಹಿಡಿಯುವವರೂ ಇದ್ದಾರೆ. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳನ್ನು ಹೂವಿನಲ್ಲಿಯೇ ಗುತ್ತಿಗೆ ಹಿಡಿಯುವವರಿಗೆ ಈ ವ್ಯವಹಾರದ ರುಚಿಯನ್ನು ವಿವರಿಸಬೇಕಾಗಿಲ್ಲ. ಮಾವಿಗೆ ಆಲಿಕಲ್ಲು, ಬಿರುಗಾಳಿಗಳ ಭಯ. ಸೇಬಿಗೆ ಅವೆರಡರ ಜೊತೆಗೆ ಹಿಮದ ಭಯವೂ ಸೇರಿದೆ.

ಅನುಭವಿಗಳಾದ ಖರೀದಿದಾರರು ಈ ಅಪಾಯವನ್ನು ಎತ್ತರದ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಸುಮಾರು 1,500 ಮೀಟರ್ ಎತ್ತರದ ತೋಟಗಳಲ್ಲಿ ಮಾರ್ಚ್ ಕೊನೆಯ ವೇಳೆಗೆ ಹೂವು ಬರುತ್ತದೆ. 2,500 ಮೀಟರ್ ಎತ್ತರದಲ್ಲಿ ಏಪ್ರಿಲ್ ಕೊನೆಯವರೆಗೂ ಕಾಯಬೇಕು. ಒಂದೇ ಹಿಮಪಾತವು ಕೆಳಗಿನ ತೋಟದಲ್ಲಿ ಎಳೆಗಾಯಿಯನ್ನೂ ನಡುವಿನ ತೋಟದಲ್ಲಿ ಹೂವನ್ನೂ ಮೇಲಿನ ತೋಟದಲ್ಲಿ ಗಟ್ಟಿ ಮೊಗ್ಗನ್ನೂ ಕಾಣುತ್ತದೆ. ‘ಬೆಟ್ಟದಲ್ಲಿ ಹಿಮ ಬಿದ್ದು ಸೇಬು ಹಾಳಾಯಿತಂತೆ’ ಎಂಬ ದೂರವಾಣಿ ಸುದ್ದಿ ಬಂದಾಗ ಯಾವ ಊರಿನಲ್ಲಿ, ಎಷ್ಟು ಎತ್ತರದಲ್ಲಿ ಎಂಬುದನ್ನು ಕೇಳದೆ ಧಾರಣೆ ಏರಿಸುವುದಾಗಲಿ ಮುಂಗಡ ತಡೆಯುವುದಾಗಲಿ ಜಾಣತನವಲ್ಲ.

2021ರ ಏಪ್ರಿಲ್ ನಾಲ್ಕನೆಯ ವಾರದಲ್ಲಿ ಶಿಮ್ಲಾ ಜಿಲ್ಲೆಯ ನಾರಕಂಡಾ, ಕೋಟ್‌ಗಢ ಮೊದಲಾದ ಕಡೆ ಬಿದ್ದ ಹಿಮ ಇದಕ್ಕೆ ತಕ್ಕ ಉದಾಹರಣೆ. ಹೂವು ಉದುರಿದ್ದಲ್ಲದೆ, ಆಲಿಕಲ್ಲಿನಿಂದ ರಕ್ಷಿಸಲೆಂದು ಮರಗಳ ಮೇಲೆ ಕಟ್ಟಿದ್ದ ಬಲೆಗಳು ಹಿಮದ ಭಾರಕ್ಕೆ ಕುಸಿದು, ಅವುಗಳೊಡನೆ ಕೊಂಬೆಗಳೂ ಮುರಿದವು. ರಕ್ಷಣೆಗೆಂದು ಹಾಕಿದ ಬಂಡವಾಳವೇ ಹಾನಿಯನ್ನು ಹೆಚ್ಚಿಸಿತು. ಹವಾಮಾನ ಆಧಾರಿತ ಬೆಳೆ ವಿಮೆ ಇಲ್ಲವೆಂದಲ್ಲ. ಆದರೆ ಆ ವಿಮೆಯಲ್ಲಿ ಪರಿಹಾರ ಸಿಗುವುದು ತೋಟದಲ್ಲಿ ಆದ ನಷ್ಟವನ್ನು ನೋಡಿಯಲ್ಲ, ಗೊತ್ತುಪಡಿಸಿದ ಹವಾಮಾನ ಕೇಂದ್ರದ ಮಾಪಕವನ್ನು ನೋಡಿ. ಬೆಟ್ಟದ ಒಂದು ಮಗ್ಗುಲಿಗೂ ಇನ್ನೊಂದಕ್ಕೂ ಮೂರು–ನಾಲ್ಕು ಡಿಗ್ರಿ ಅಂತರವಿರುವ ಸೀಮೆಯಲ್ಲಿ ಇದು ಸದಾ ತಕರಾರಿನ ವಿಷಯವೇ.

ಮಣ್ಣು ಚೆಲ್ಲಿ ಹಿಮ ಕರಗಿಸುವವರು

ಕುಲ್ಲು ಕಣಿವೆಯ ಉತ್ತರದ ಅಂಚಿನಲ್ಲಿ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಇದೆ. ಅದರ ಆಚೆಗಿರುವುದೇ ಲಾಹೌಲ್. ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿ ಎಂಬಲ್ಲಿ ಕೂಡುತ್ತವೆ. ಜಿಲ್ಲಾ ಕೇಂದ್ರವಾದ ಕೇಲಾಂಗ್ ಸುಮಾರು 3,080 ಮೀಟರ್ ಎತ್ತರದಲ್ಲಿದೆ. ಮುಂಗಾರಿನ ಮೋಡಗಳು ಪರ್ವತವನ್ನು ದಾಟಿ ಅಲ್ಲಿಗೆ ತಲುಪುವುದು ಅಪರೂಪ. ಹೊಲಕ್ಕೆ ನೀರೆಂದರೆ ಹಿಮ ಕರಗಿ ‘ಕೂಲ್’ ಎಂಬ ಕಿರುಗಾಲುವೆಗಳಲ್ಲಿ ಹರಿದು ಬಂದುದೇ. ಆದಕಾರಣ ಲಾಹೌಲಿನ ರೈತ ಹಿಮವನ್ನು ಶಪಿಸುವುದಿಲ್ಲ. ಅವನ ಚಿಂತೆ ಬೇರೆ: ಹಿಮ ಹೊಲದ ಮೇಲಿಂದ ಎಂದು ಕದಲುತ್ತದೆ ಎಂಬುದು.

ವರ್ಷಕ್ಕೆ ಒಂದೇ ಬೆಳೆ. ಏಪ್ರಿಲ್–ಮೇ ತಿಂಗಳಲ್ಲಿ ಬಿತ್ತಿ ಸೆಪ್ಟೆಂಬರ್ ಮುಗಿಯುವುದರೊಳಗೆ ಮನೆಗೆ ತರಬೇಕು. ವಸಂತದ ಹಿಮದಿಂದ ಬಿತ್ತನೆ ಹದಿನೈದು ದಿನ ತಡವಾದರೆ ಆ ಹದಿನೈದು ದಿನಗಳನ್ನು ಶರತ್ಕಾಲ ಹಿಂದಿರುಗಿಸುವುದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಹಂಗಾಮು ಮುಗಿಯುವ ಮುನ್ನವೇ ಭಾರಿ ಹಿಮ ಸುರಿದು ಅಲ್ಲಿ ಬೆಳೆ ನಷ್ಟವಾಯಿತು. ಆದುದರಿಂದ ಒಂದು ಹಳೆಯ ಉಪಾಯ ಲಾಹೌಲ್, ಝಂಸ್ಕಾರ್ ಪ್ರದೇಶಗಳಲ್ಲಿ ಬಳಕೆಯಲ್ಲಿದೆ. ಶರತ್ಕಾಲದಲ್ಲಿಯೇ ಒಣಮಣ್ಣನ್ನು ಸಂಗ್ರಹಿಸಿ ಇಟ್ಟುಕೊಂಡು, ವಸಂತದಲ್ಲಿ ಅದನ್ನು ಹೊಲದ ಹಿಮದ ಮೇಲೆ ತೆಳುವಾಗಿ ಎರಚುತ್ತಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಮಣ್ಣು ಅದನ್ನು ಹೀರಿ ಕೆಳಗಿನ ಹಿಮವನ್ನು ಕರಗಿಸುತ್ತದೆ. ಇದರಲ್ಲಿ ಖರ್ಚಿರುವುದು ಬೆನ್ನಿನ ಶ್ರಮ ಮಾತ್ರ. ಎರಚಿದ ಮರುದಿನವೇ ಮತ್ತೆ ಹಿಮ ಬಿದ್ದರೆ ಆ ಶ್ರಮವೂ ಬಿಳಿಯ ಹೊದಿಕೆಯ ಕೆಳಗೆ ಹೂತುಹೋಗುತ್ತದೆ.

ಬೆಳೆಯ ಆಯ್ಕೆಯಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಕೇಲಾಂಗ್‌ನಲ್ಲಿ 1850ರ ದಶಕದಲ್ಲಿ ನೆಲೆಸಿದ ಮೊರೇವಿಯನ್ ಮಿಷನರಿಗಳು ಆಲೂಗೆಡ್ಡೆಯನ್ನು ಪರಿಚಯಿಸಿದರು. ಉಣ್ಣೆಯ ಕಾಲುಚೀಲ ಹೆಣೆಯುವ ಕಸುಬೂ ಅವರಿಂದಲೇ ಹಬ್ಬಿತು, ಅದಕ್ಕೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ರೋಗ ಹರಡುವ ಕೀಟಗಳು ಕಡಿಮೆ ಇರುವ ಈ ಎತ್ತರದಲ್ಲಿ ಬೆಳೆದ ಆಲೂಗೆಡ್ಡೆ ಬೀಜಕ್ಕೆ ಒಳ್ಳೆಯದೆಂದು ಹೆಸರು ಪಡೆದು, 1966ರಲ್ಲಿ ಬೆಳೆಗಾರರ ಸಹಕಾರ ಸಂಘವೂ ಹುಟ್ಟಿತು. ಅನಂತರ ಹಸಿಬಟಾಣಿ ಬಂದಿತು. ಬಯಲುಸೀಮೆಯಲ್ಲಿ ಬಟಾಣಿ ಸಿಗದ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಲಾಹೌಲಿನ ಬಟಾಣಿ ಮಾರುಕಟ್ಟೆಗೆ ಇಳಿಯುವುದರಿಂದ ಅದಕ್ಕೆ ಒಳ್ಳೆಯ ಬೆಲೆ. ಹೂಕೋಸು, ಬ್ರೊಕೋಲಿ, ಸಲಾಡ್ ಸೊಪ್ಪುಗಳೂ ಇದೇ ಕಾರಣದಿಂದ ಬೆಳೆದು ನಿಂತವು. ಬಟಾಣಿಯ ಎಳೆ ಸಸಿ ಒಂದು ಹಿಮವನ್ನು ತಾಳಿಕೊಳ್ಳಬಲ್ಲದು; ಆಲೂಗೆಡ್ಡೆಯ ಚಿಗುರು ತಾಳದೆ ಕಪ್ಪಾಗುತ್ತದೆ. ಬಟಾಣಿ ಮೊದಲು, ಆಲೂಗೆಡ್ಡೆ ಅನಂತರ ಎಂಬ ಬಿತ್ತನೆಯ ಕ್ರಮಕ್ಕೆ ಇದೂ ಒಂದು ಆಧಾರ. ತೀರಾ ಕೆಟ್ಟರೂ ಮತ್ತೊಮ್ಮೆ ಬಿತ್ತುವ ಅವಕಾಶ ಉಂಟು: ಬೀಜದ ಹಣ ಹೋಗುತ್ತದೆ, ಹಂಗಾಮು ಪೂರ್ತಿಯಾಗಿ ಹೋಗುವುದಿಲ್ಲ.

ಈಗ ಲಾಹೌಲಿನಲ್ಲಿಯೂ ಸೇಬಿನ ತೋಟಗಳು ಏಳುತ್ತಿವೆ. ಬೆಟ್ಟಗಳು ಬಿಸಿಯಾಗುತ್ತಿದ್ದಂತೆ ಸೇಬಿನ ಸೀಮೆ ಮೇಲಕ್ಕೆ ಸರಿಯುತ್ತಿದೆ; ಮೇಲಿನ ಹಣ್ಣಿಗೆ ಬಣ್ಣವೂ ಗಟ್ಟಿತನವೂ ಚೆನ್ನಾಗಿರುವುದರಿಂದ ಖರೀದಿದಾರರೂ ಅಲ್ಲಿಗೆ ಹೋಗುತ್ತಿದ್ದಾರೆ. ಆದಾಯದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆಯೇ ಇರಬಹುದು. ಆದರೆ ಬಟಾಣಿ ನಾಲ್ಕು ತಿಂಗಳ ಬಂಡವಾಳ, ಸೇಬು ನಾಲ್ಕಾರು ವರ್ಷ ಕಾದು ಫಲ ಕಾಣುವ ಬಂಡವಾಳ. ಹಿಮದಲ್ಲಿ ಕೆಟ್ಟ ಹೂವನ್ನು ಮರುಬಿತ್ತನೆ ಮಾಡಲು ಬರುವುದಿಲ್ಲ. ಮೇ ತಿಂಗಳಲ್ಲಿಯೂ ಹಿಮ ಬೀಳಬಲ್ಲ ಊರಿನಲ್ಲಿ ಹೊಂದಿಕೊಳ್ಳುವ ಬೆಳೆಯನ್ನು ಬಿಟ್ಟು ಹೊಂದಿಕೊಳ್ಳದ ಬೆಳೆಗೆ ಹೋಗುವುದೆಂದರೆ, ಹಿಮ ಹೆಚ್ಚಾಗದಿದ್ದರೂ ಹಿಮದ ನಷ್ಟ ಹೆಚ್ಚಾಗುವುದೇ ಸರಿ.

ದಾರಿ ಬೇಗ ತೆರೆದಾಗ

ಇಂತಹುದೇ ಮಾತು ರಸ್ತೆಗೂ ಅನ್ವಯಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಲಾಹೌಲಿನ ವರ್ತಕರು ಹೇಸರಗತ್ತೆಗಳ ಮೇಲೆ ಸರಕು ಹೇರಿ ಬಾರಾಲಾಚಾ ಪಾಸ್ ದಾಟಿ ಲಡಾಖ್, ಟಿಬೆಟ್ ಕಡೆಯ ವ್ಯಾಪಾರ ಮಾಡುತ್ತಿದ್ದರು. ಪಟ್ಸಿಯೋ ಎಂಬಲ್ಲಿ ಬೇಸಿಗೆಯಲ್ಲಿ ಜಾತ್ರೆ ನೆರೆದು ಉಣ್ಣೆ, ಉಪ್ಪುಗಳು ಇಳಿದು ಧಾನ್ಯ, ಬಟ್ಟೆಗಳು ಏರುತ್ತಿದ್ದವು. ಹಿಮ ಪೂರ್ತಿ ಸರಿಯುವ ಮುನ್ನ ಹೊರಡುವವರೇ ಇರಲಿಲ್ಲ. ರೋಹ್ತಾಂಗ್ ಎಂಬ ಹೆಸರಿಗೆ ಶವಗಳ ರಾಶಿ ಎಂದು ಅರ್ಥ ಹೇಳುವ ವಾಡಿಕೆ ಇದೆ. ಅವಸರ ಮಾಡಿದವರ ಗತಿಯನ್ನು ಆ ಹೆಸರೇ ಸಾರುತ್ತಿತ್ತು.

ಮೋಟಾರು ರಸ್ತೆ ಬಂದ ಮೇಲೂ ದಶಕಗಳ ಕಾಲ ರೋಹ್ತಾಂಗ್ ನವೆಂಬರಿನಲ್ಲಿ ಮುಚ್ಚಿ ಮೇ ವೇಳೆಗೆ ತೆರೆಯುತ್ತಿತ್ತು. ಕೇಲಾಂಗ್‌ನ ಅಂಗಡಿಕಾರ ಅಕ್ಟೋಬರಿನಲ್ಲಿಯೇ ಅಕ್ಕಿ, ಬೇಳೆ, ಸಕ್ಕರೆ, ಸೀಮೆಎಣ್ಣೆ, ಔಷಧಿಗಳ ಅರ್ಧ ವರ್ಷದ ದಾಸ್ತಾನು ಹಾಕಿಕೊಳ್ಳಬೇಕು. ಅಷ್ಟು ಬಂಡವಾಳ ಅಷ್ಟು ಕಾಲ ಗೋದಾಮಿನಲ್ಲಿ ಕಟ್ಟಿಬಿದ್ದಿರುತ್ತಿತ್ತು. ಗ್ರಾಹಕರ ಉದ್ರಿ ತೀರುತ್ತಿದ್ದುದು ಬಟಾಣಿ ಮಾರಾಟವಾದ ಮೇಲೆ. ಅನೇಕ ಕುಟುಂಬಗಳು ಕುಲ್ಲುವಿನಲ್ಲಿಯೂ ಜಮೀನು, ಮನೆ ಮಾಡಿಕೊಂಡು ಚಳಿಗಾಲಕ್ಕೆ ಅಲ್ಲಿಗೆ ಇಳಿಯುತ್ತಿದ್ದವು. ದುಬಾರಿಯಾದ ಏರ್ಪಾಡು, ನಿಜ. ಆದರೆ ಏಪ್ರಿಲ್‌ನಲ್ಲಿ ಎಷ್ಟೇ ಹಿಮ ಬಿದ್ದರೂ ವ್ಯಾಪಾರಕ್ಕೆ ಹೊಸ ನಷ್ಟವಿರಲಿಲ್ಲ. ಮುಚ್ಚಿದ ದಾರಿ ಇನ್ನಷ್ಟು ದಿನ ಮುಚ್ಚಿರುತ್ತಿತ್ತು ಅಷ್ಟೆ.

2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ಈ ಲೆಕ್ಕವನ್ನು ಬದಲಿಸಿತು. ಮನಾಲಿ–ಲೇಹ್ ದಾರಿ 46 ಕಿಲೋಮೀಟರ್ ಕಡಿಮೆಯಾದುದಕ್ಕಿಂತ, ಲಾಹೌಲಿಗೆ ಚಳಿಗಾಲದಲ್ಲಿಯೂ ಸರಕು ಹೋಗುವಂತಾದುದೇ ಮುಖ್ಯ. ಲಡಾಖಿನ ಇನ್ನೊಂದು ಹೆಬ್ಬಾಗಿಲಾದ ಝೋಜಿ ಲಾ ಕೂಡ ಹಿಂದೆ ಐದಾರು ತಿಂಗಳು ಮುಚ್ಚಿರುತ್ತಿದ್ದುದು, 2025ರಲ್ಲಿ ಕೇವಲ 32 ದಿನಗಳ ನಂತರ ಏಪ್ರಿಲ್ 1ರಂದು ತೆರೆಯಿತು. ಗಡಿ ರಸ್ತೆಗಳ ಸಂಸ್ಥೆಯ ಬುಲ್ಡೋಜರ್‌ಗಳು, ಹಿಮವನ್ನು ಕತ್ತರಿಸಿ ಬದಿಗೆ ಎಸೆಯುವ ಯಂತ್ರಗಳು ಎರಡೂ ಕಡೆಯಿಂದ ಕೊರೆಯುತ್ತ ಬಂದು ನಡುವೆ ಸಂಧಿಸುವ ಆ ಕೆಲಸ ಮೆಚ್ಚತಕ್ಕುದೇ.

ಆದರೆ ಬಾರಾಲಾಚಾ ಸುಮಾರು 4,900 ಮೀಟರ್ ಎತ್ತರದಲ್ಲಿದೆ. ಅದರ ಕೆಳಗೆ ಸುರಂಗವಿಲ್ಲ. ದಾರಿ ಬೇಗ ತೆರೆಯಿತೆಂದು ಲಾರಿಗಳು ಬೇಗ ಹೊರಡುತ್ತವೆ. ವಸಂತದ ಹಿಮ ಮಾತ್ರ ತನ್ನ ಹಳೆಯ ತಾರೀಖಿಗೇ ಬರುತ್ತದೆ. 2021ರ ಏಪ್ರಿಲ್‌ನಲ್ಲಿ ಹೀಗೆಯೇ ಬಾರಾಲಾಚಾದಲ್ಲಿ ಹಠಾತ್ತನೆ ಹಿಮ ಸುರಿದು ಸಿಕ್ಕಿಕೊಂಡ 150ಕ್ಕೂ ಹೆಚ್ಚು ಜನರನ್ನು ಗಡಿ ರಸ್ತೆಗಳ ಸಂಸ್ಥೆಯವರು ಪಾರುಮಾಡಬೇಕಾಯಿತು. ದಾರಿ ಮೇ ಕೊನೆಗೆ ತೆರೆಯುತ್ತಿದ್ದ ಕಾಲದಲ್ಲಿ ಏಪ್ರಿಲ್‌ನಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಉತ್ತರಕ್ಕೆ ಸರಕು ಕಳುಹಿಸುವ ನಮ್ಮ ತಯಾರಕರು ಈ ಅಂಶವನ್ನು ಕರಾರು ಬರೆಯುವಾಗ ಗಮನಿಸುವುದು ಒಳ್ಳೆಯದು. ದಾರಿ ‘ತೆರೆದಿದೆ’ ಎಂಬ ಸರ್ಕಾರಿ ಪ್ರಕಟಣೆಗೂ ಲಾರಿ ನಿಶ್ಚಿತ ದಿನ ತಲುಪುತ್ತದೆ ಎಂಬುದಕ್ಕೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಸಂಬಂಧ ಅಲ್ಪ. ಆ ದಿನಗಳಲ್ಲಿ ವಾಹನಗಳನ್ನು ಅನೇಕ ವೇಳೆ ಸರದಿಯ ಮೇಲೆ, ಒಂದು ದಿಕ್ಕಿಗೆ ಮಾತ್ರ ಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಹಳ್ಳಗಳು ರಸ್ತೆಯ ಮೇಲೆ ಉಕ್ಕುವುದರಿಂದ ಬೆಳಿಗ್ಗೆಯೇ ದಾಟಬೇಕು. ಬೆಳಿಗ್ಗೆ ತಪ್ಪಿದ ಲಾರಿಗೆ ಒಂದು ದಿನ ನಷ್ಟ. ಸಾಧಾರಣ ಡೀಸೆಲ್ ತೀವ್ರ ಚಳಿಯಲ್ಲಿ ಮೇಣಗಟ್ಟಿ ಹರಿಯದಾಗುತ್ತದೆ. ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಲಡಾಖಿಗಾಗಿ 2019ರ ನವೆಂಬರಿನಲ್ಲಿ ಹೊರತಂದುದು ಈ ಕಾರಣದಿಂದಲೇ. ಬಯಲಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ನೇರವಾಗಿ ಮೇಲೇರುವ ಚಾಲಕನಿಗೆ ಇದು ತಿಳಿದಿರಬೇಕು. ವಿಳಂಬಕ್ಕೆ ದಂಡ ವಿಧಿಸುವ ಷರತ್ತಿನಲ್ಲಿ ‘ಪಾಸ್ ಮುಚ್ಚಿದ ದಿನಗಳನ್ನು ಬಿಟ್ಟು’ ಎಂಬ ನಾಲ್ಕೈದು ಮಾತು ಸೇರಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಒದ್ದೆ ಹಿಮದ ತೂಕ

ಪಾಲಿಹೌಸ್, ತಗಡಿನ ಶೆಡ್ಡು, ಸೌರಫಲಕದ ಚೌಕಟ್ಟು, ತೋಟದ ಬಲೆ ಮುಂತಾದುವನ್ನು ತಯಾರಿಸುವವರಿಗೆ ವಸಂತದ ಹಿಮ ಇನ್ನೊಂದು ಪಾಠ ಹೇಳುತ್ತದೆ. ಚಳಿಗಾಲದ ಒಣ ಹಿಮ ಬಿದ್ದ ಹೊಸದರಲ್ಲಿ ಘನ ಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ, ಅದಕ್ಕಿಂತ ಹಗುರವೂ ಇರಬಹುದು. ಏಪ್ರಿಲ್‌ನ ಹಿಮ ನೀರುಂಡ ಹತ್ತಿಯಂತೆ. 300 ಕಿಲೋ ಮುಟ್ಟುವುದು ಅಚ್ಚರಿಯಲ್ಲ. ಹತ್ತು ಚದರ ಮೀಟರ್ ಚಾವಣಿಯ ಮೇಲೆ ಒಂದು ಅಡಿ ಒಣ ಹಿಮವೆಂದರೆ ಸುಮಾರು 300 ಕಿಲೋ. ಅಷ್ಟೇ ದಪ್ಪದ ಒದ್ದೆ ಹಿಮವೆಂದರೆ ಸುಮಾರು 900 ಕಿಲೋ. ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಜನವರಿಯ ಎರಡು ಅಡಿಯನ್ನು ತಡೆದ ಕೊಳವೆಯ ಚೌಕಟ್ಟು ಏಪ್ರಿಲ್‌ನ ಒಂದು ಅಡಿಗೆ ಬಾಗಿದರೆ ಅದರಲ್ಲಿ ವಿಸ್ಮಯವೇನೂ ಇಲ್ಲ.

ದಕ್ಷಿಣದಲ್ಲಿ ನಾವು ಚಾವಣಿಗೆ ಗಾಳಿಯ ಒತ್ತಡ, ಮಳೆಯ ನೀರುಗಳ ಲೆಕ್ಕವನ್ನಷ್ಟೇ ಹಾಕುವುದು ರೂಢಿ. ಭಾರತೀಯ ಮಾನಕ 875ರ ನಾಲ್ಕನೆಯ ಭಾಗವು ಪೂರ್ತಿಯಾಗಿ ಹಿಮಭಾರಕ್ಕೇ ಮೀಸಲಾಗಿದೆ ಎಂಬುದು ಇಲ್ಲಿಯ ಎಷ್ಟೋ ಕಾರ್ಯಾಗಾರಗಳಲ್ಲಿ ಸಂದರ್ಭ ಬರದೆ ತಿಳಿಯದೇ ಉಳಿದಿರಬಹುದು. ಪಹಾಡಿ ರಾಜ್ಯಗಳಿಂದ ಬೇಡಿಕೆ ಬಂದಾಗ ಬಯಲಿನ ನಕ್ಷೆಯನ್ನೇ ಸ್ವಲ್ಪ ದಪ್ಪದ ಕೊಳವೆಯಲ್ಲಿ ಮಾಡಿ ಕಳುಹಿಸುವುದು ಸಾಲದು. ಇಳಿಜಾರು, ಕಂಬಗಳ ನಡುವಣ ಅಂತರ, ಹಿಮ ಜಾರಿ ಬೀಳಲು ಪಕ್ಕದಲ್ಲಿ ಬಿಡಬೇಕಾದ ಜಾಗ ಇವೆಲ್ಲವೂ ಬದಲಾಗುತ್ತವೆ.

ಆಲಿಕಲ್ಲಿನ ಬಲೆಯದು ಇನ್ನೂ ಸೂಕ್ಷ್ಮ. ಆಲಿಕಲ್ಲು ಹೆಚ್ಚಾಗಿ ಬೀಳುವುದೂ ಏಪ್ರಿಲ್‌ನಿಂದ ಜೂನ್ ನಡುವೆಯೇ ಆದ್ದರಿಂದ ಬಲೆ ಹರಡದೆ ಇರುವಂತಿಲ್ಲ. ಹರಡಿದರೆ ಅದೇ ವಾರ ಹಿಮ ಬೀಳಬಹುದು. ಬಿದಿರು, ಮರದ ಗಳುಗಳ ಮೇಲೆ ಹಗ್ಗ ಬಿಗಿದು ಕಟ್ಟಿದ ಬಲೆಯನ್ನು ಹಿಮದ ಮುನ್ಸೂಚನೆ ಬಂದ ಸಂಜೆ ಇಡೀ ತೋಟದಲ್ಲಿ ಬಿಚ್ಚಲು ಆಳುಗಳು ಸಿಗುವುದಿಲ್ಲ. ರಾತ್ರಿಯಿಡೀ ಉದ್ದನೆಯ ಕೋಲುಗಳಿಂದ ಬಲೆಯನ್ನು ಕೆಳಗಿನಿಂದ ತಟ್ಟುತ್ತ ಹಿಮ ಉದುರಿಸುವುದೊಂದೇ ಆಗ ಉಳಿಯುವ ದಾರಿ. ಒಬ್ಬನೇ ನಿಂತು ಕೆಲವು ನಿಮಿಷಗಳಲ್ಲಿ ಒಂದು ಸಾಲಿನ ಬಲೆಯನ್ನು ತಂತಿಯ ಮೇಲೆ ಮಡಿಸಿ ಬದಿಗೆ ಸರಿಸುವಂತಹ, ಸಣ್ಣ ಹಿಡುವಳಿದಾರನ ಕೈಗೆ ಎಟಕುವ ಬೆಲೆಯ ಜೋಡಣೆಗೆ ಅಲ್ಲಿ ಗಿರಾಕಿಗಳಿದ್ದಾರೆ.